ಮೇಲಿನ ರೂಮಿನ ಹುಡುಗಿಗೆ ಜರ್ಮನಿಯಲ್ಲೊಂದು ರೂಮು

ರೂಮು ಬಾಡಿಗೆಗೆ ಕೊಡುವವರ ಮನೆಗೆ ತಮಾಷೆ ತಾನಾಗಿಯೇ ಬಂದು ಬೆಲ್ ಒತ್ತುತ್ತದೆ. ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ಧಾರವಾಡದ ನಮ್ಮ ಮನೆಯ ಮೇಲಿನ ರೂಮುಗಳಲ್ಲಿ ಅಮ್ಮಿನಬಾವಿಯಿಂದ, ಮುಗದದಿಂದ, ಇನ್ನೂ ದೂರದ ಊರುಗಳಿಂದ ಪರೀಕ್ಷೆಯ ತಯಾರಿಗೆ ಬಂದ ಹುಡುಗಿಯರು ಇದ್ದು ಹೋಗಿದ್ದಾರೆ. ಯಾರು ಯಾವಾಗ ಬಂದರು, ಯಾರು ಬಕೆಟ್ ಒಡೆದರು, ಯಾರು ನೌಕರಿ ಹಿಡಿದು ಪೇಢೆ ತಂದರು, ಎಲ್ಲ ನನ್ನ ಬಳಿ ಬರೆದಿದೆ. ಬಿ.ಎ. ಮಾಡಿದವಳು ನಾನು, ಬಾಯಿಮಾತಿನ ಲೆಕ್ಕ ನನಗೆ ಆಗಿಬರುವುದಿಲ್ಲ.

ಆದರೆ ರೂಮು ಕೊಡುವವಳೇ ರೂಮು ಕೇಳಿಕೊಂಡು ಹೊರಟರೆ ಏನಾಗುತ್ತದೆ ಎಂಬುದು ಕಳೆದ ವರ್ಷ ಗೊತ್ತಾಯಿತು. ನನ್ನ ಮಗಳ ಮನೆ ಹುಬ್ಬಳ್ಳಿಯಲ್ಲಿ. ಅವಳ ಮಗಳು ಕಾಲೇಜಿಗೆಂದು ಬಂದು ನಮ್ಮ ಮೇಲಿನ ರೂಮಿನಲ್ಲೇ ಇದ್ದಳು. ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಲು ಅವಳನ್ನು ಆರಿಸಿದರು. ಓಣಿಗೆಲ್ಲ ಪೇಢೆ ಹಂಚಿದ ಮೇಲೆ ಅಲ್ಲಿಂದ ಇನ್ನೊಂದು ಸುದ್ದಿ ಬಂತು. ಹಾಸ್ಟೆಲ್ ತುಂಬಿದೆಯಂತೆ. ತಿಂಗಳು ಮುಗಿಯುವುದರೊಳಗೆ ತಾನೇ ರೂಮು ಹುಡುಕಿಕೊಂಡು ವಿಳಾಸ ಕೊಡಬೇಕು, ಇಲ್ಲವಾದರೆ ಸೀಟು ಪಟ್ಟಿಯಲ್ಲಿರುವ ಮುಂದಿನವರಿಗೆ. ಕೈಗೆಟುಕುವ ಬಾಡಿಗೆಗೆ ಅಲ್ಲಿ ರೂಮು ಸಿಗುವುದೆಂದರೆ ಬಲು ಕಷ್ಟವಂತೆ.

"ಆಯಿ, ರೂಮ್ ಸಿಗಲಿಲ್ಲಂದ್ರ?" ಎಂದಳು ಮೊಮ್ಮಗಳು, ಅಳುಮೋರೆ ಮಾಡಿ.

"ಹಂಚಿದ ಪೇಢೆ ತಿರುಗಿ ಕೇಳಾಕ ಬರತೈತೇನು? ನಡಿ, ಹುಡುಕೂಣು," ಎಂದೆ.

ತಲೆ ಹಿಡಿಸದ ರೂಮು

ಮೊದಲು ಸಿಕ್ಕಿದ್ದು ಎಲ್ಲಕ್ಕಿಂತ ಅಗ್ಗದ ರೂಮು. ಫೋಟೊದಲ್ಲಿ ಬಹಳ ಚಂದ. ಆದರೆ ಅದು ಹಂಚಿನ ಕೆಳಗಿನ ಅಟ್ಟ. ಛಾವಣಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಜಾರಾಗಿ ಬಂದಿತ್ತು. ನಮ್ಮ ಮನೆಯವರು ನಿವೃತ್ತ ಓವರ್‌ಸಿಯರ್. ಅಳತೆ ಹಿಡಿಯದೆ ಅವರು ಚಪ್ಪಲಿಯನ್ನೂ ಕೊಳ್ಳುವುದಿಲ್ಲ. ಜಾಹೀರಾತಿನಲ್ಲಿದ್ದ ಎತ್ತರ ನೋಡಿಕೊಂಡು, ನಡುಮನೆಯಲ್ಲಿ ಕಿಟಕಿಯ ಸರಳಿನಿಂದ ಎದುರು ಗೋಡೆಯ ಮೊಳೆಗೆ ಓರೆಯಾಗಿ ಸಾಲು ಸಾಲು ಹಗ್ಗ ಕಟ್ಟಿದರು. "ಇದ ನಿನ್ನ ರೂಮು. ಇವತ್ತು ಮಧ್ಯಾಹ್ನ ಇದರಾಗ ಸಂಸಾರ ಮಾಡಿ ತೋರಿಸು," ಎಂದು ಮೊಮ್ಮಗಳಿಗೆ ಹೇಳಿದರು.

ಕೂತು ಓದಿದಳು, ಸರಿಹೋಯಿತು. ಮಲಗಿದಳು, ಅದೂ ಸರಿ. ಎದ್ದು ನಿಂತಾಗ ಹಗ್ಗ ಹಣೆಗೆ ಬಡಿಯಿತು. ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಪಕ್ಕದ ಮನೆಯಾಕೆ ಬಂದಳು.

"ಏನ್ರೀ ಇದು? ನಡಮನ್ಯಾಗ ಏನ್ ಕಟ್ಟಾಕತ್ತೀರಿ?"

"ಜರ್ಮನಿ," ಎಂದರು ನಮ್ಮವರು.

ಆಕೆ ಹಗ್ಗದ ಕೆಳಗೆ ಬಗ್ಗಿ ಈ ಕಡೆಯಿಂದ ಆ ಕಡೆ ನೋಡಿ, "ಛಲೋ ಐತಿ ಬಿಡ್ರಿ. ಮಳಿಗಾಲದಾಗ ಅರಿವಿ ಒಣಗಹಾಕಾಕ ಬರತೈತಿ," ಎಂದು ಮೊಸರು ತಗೊಂಡು ಹೋದಳು.

ನೀರಿನ ಪರೀಕ್ಷೆ

ಎರಡನೆಯ ರೂಮು ಊರ ನಡುವೆ ಇತ್ತು. ದೊಡ್ಡ ಕಿಟಕಿ, ಹೊಸ ಮಂಚ, ಬಾಡಿಗೆಯೂ ಕಡಿಮೆ. ಮಾಲೀಕ ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾನಂತೆ. ಡಿಪಾಜಿಟ್ ಕಳಿಸಿದರೆ ಕೀಲಿ ಪೋಸ್ಟಿನಲ್ಲಿ ಬರುತ್ತದಂತೆ. ಮೊಮ್ಮಗಳು ಒಪ್ಪಿದಳು, ಅಳತೆಯ ಮನುಷ್ಯರೂ ಒಪ್ಪಿದರು. "ನಾ ಮಾತಾಡೂ ಮಟ ಯಾರೂ ರೊಕ್ಕಾ ಕಳಸಬ್ಯಾಡ್ರಿ," ಎಂದೆ.

ನಮ್ಮಲ್ಲಿ ರೂಮು ನೋಡಲು ಬಂದವರು ಮೊದಲು ಬಾಡಿಗೆ ಕೇಳುವುದಿಲ್ಲ, ನೀರು ಕೇಳುತ್ತಾರೆ. ಆ ಮನುಷ್ಯ ಫೋನಿಗೆ ಸಿಕ್ಕ ಕೂಡಲೇ ನಾನೂ ಇಂಗ್ಲಿಷಿನಲ್ಲಿ ಅದನ್ನೇ ಕೇಳಿದೆ: "ನಿಮ್ಮಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ?"

"ದಿನಾಲೂ ಬರುತ್ತದೆ," ಎಂದ ಅವನು.

"ಎಷ್ಟು ಗಂಟೆಗೆ?"

"ಇಡೀ ದಿನ."

ನನಗೆ ಅಲ್ಲೇ ಸಂಶಯ ಬಂತು. "ಹಾಗಾದರೆ ಯಾರನ್ನಾದರೂ ಕಳಿಸಿ ನಲ್ಲಿ ತಿರುವಿ ವಿಡಿಯೊದಲ್ಲಿ ತೋರಿಸಿ. ಅರ್ಧ ಬಕೆಟ್ ತುಂಬಿದರೆ ಸಾಕು," ಎಂದೆ. ಫೋಟೊ ಕಳಿಸಿದ್ದೇನಲ್ಲ ಎಂದ. ಫೋಟೊದಲ್ಲಿ ನೀರು ಹರಿಯುವುದಿಲ್ಲ ಎಂದೆ. ನಾಳೆ ಎಂದ, ನಾಡಿದ್ದು ಎಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಒಂದು ವಾರ ಕಳೆದಿರಲಿಲ್ಲ, ಅದೇ ಮಂಚ, ಅದೇ ಕಿಟಕಿ ಬೇರೊಂದು ಊರಿನ ಹೆಸರಿನಲ್ಲಿ ಜಾಹೀರಾತಾಗಿ ಬಂದವು!

"ಆಯಿ, ಅಂವಾ ಕಳ್ಳ ಅಂತ ನಿನಗ ಹೆಂಗ ಗೊತ್ತಾತು?" ಎಂದು ಮೊಮ್ಮಗಳು ಬೆರಗಾದಳು.

"ದಿನಾ ಇಪ್ಪತ್ನಾಕು ತಾಸೂ ನೀರು ಬರತೈತಿ ಅಂದ ನೋಡು, ಅಲ್ಲೇ ಸಿಕ್ಕಬಿದ್ದ," ಎಂದೆ.

ಜರ್ಮನಿಯಲ್ಲಿ ನೀರು ನಿಜವಾಗಿಯೂ ಹಾಗೇ ಬರುತ್ತದೆಂದು ಆಮೇಲೆ ತಿಳಿಯಿತು. ಇರಲಿ, ಕಳ್ಳ ಹೇಗೂ ಕಳ್ಳನೇ.

ಪಾತ್ರೆ ತೊಳೆಯುವ ಹುಡುಗ

ಮೂರನೆಯದು ವಿದ್ಯಾರ್ಥಿಗಳೇ ಹಂಚಿಕೊಂಡಿದ್ದ ಮನೆ. ಖಾಲಿ ರೂಮಿಗೆ ಬರುವವರನ್ನು ಅಲ್ಲಿರುವವರೇ ಸಂದರ್ಶನ ಮಾಡಿ ಆರಿಸುತ್ತಾರೆ. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಸುದ್ದಿ ಹುಬ್ಬಳ್ಳಿಗೆ ಮುಟ್ಟಿದ್ದೇ ತಡ, ಮಗಳ ಫೋನ್ ಬಂತು: "ಅವ್ವಾ, ಮನ್ಯಾಗ ಗಂಡ್ ಹುಡುಗ ಅದಾನಂತಲ್ಲಬೇ!"

"ತಡಿ, ಮೊದ್ಲು ಅವನ್ನ ನೋಡತೇನಿ," ಎಂದೆ.

ಸಂದರ್ಶನದ ದಿನ ಮೊಮ್ಮಗಳ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಕೂತೆ. ಹುಡುಗಿಯರು ಪ್ರಶ್ನೆ ಕೇಳುತ್ತಿದ್ದರು. ಅವರ ಹಿಂದೆ ಆ ಹುಡುಗ ಪಾತ್ರೆ ತೊಳೆಯುತ್ತಿದ್ದ. ತೊಳೆದ, ಒರೆಸಿ ಬೋರಲು ಹಾಕಿದ, ಕಟ್ಟೆ ಒರೆಸಿದ, ಯಾರೂ ಹೇಳದೆ ಅರಿವೆ ಹಿಂಡಿ ಒಣಹಾಕಿದ. ನಾನು ಅಲ್ಲಿಂದ ಕಣ್ಣು ಕೀಳಲಿಲ್ಲ. "ನೀನು ಬಂದರೆ ನಮ್ಮ ಮನೆಗೆ ಏನು ತರುತ್ತೀ?" ಎಂದು ಅವರು ಕೇಳಿದಾಗ ಮೊಮ್ಮಗಳು ಸಂಸ್ಕೃತಿ, ಸ್ನೇಹ ಎಂದೇನೋ ಶುರುಮಾಡಿದಳು. "ಶೇಂಗಾ ಚಟ್ನಿ ಅನ್ನು," ಎಂದು ನಾನು ಪಿಸುಗುಟ್ಟಿದೆ. ಅನ್ನಲಿಲ್ಲ. ಅವರು ಬೇರೆಯವರನ್ನು ಆರಿಸಿಕೊಂಡರು.

ಮೊಮ್ಮಗಳು ಊಟ ಬಿಟ್ಟು ಕೂತಳು. ಹುಬ್ಬಳ್ಳಿಯಲ್ಲಿ ಮಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟಳು. ನಾನು, "ರೂಮ್ ಕೊಡದಿದ್ರ ಹೋಗಲಿ, ಆ ಹುಡುಗನ್ನ ಒಂದು ಸೆಮಿಸ್ಟರ್ ನಮ್ಮನಿಗೆ ಕಳಸ್ತಾರೇನು ಕೇಳು," ಎಂದೆ.

ಪೇಪರಿನ ಹಿಂದಿನಿಂದ ನಮ್ಮವರ ದನಿ ಬಂತು: "ಅವನ ಬದಲಿಗೆ ನನ್ನ ಅಲ್ಲಿಗೆ ಕಳಸಾಕಿ ಏನು?"

"ಸಂದರ್ಶನದಾಗ ಪಾಸ್ ಆಗಬೇಕಲ್ರೀ!"

ಹಳೆಯ ಮಾಲೀಕರ ಮಾತು

ತಿಂಗಳು ಮುಗಿಯುತ್ತ ಬಂದಾಗ ಕೊನೆಯ ಆಸೆಯೊಂದು ಉಳಿದಿತ್ತು. ಒಬ್ಬ ವಯಸ್ಸಾದ ಹೆಂಗಸು ತನ್ನ ಮನೆಯಲ್ಲೇ ಒಂದು ರೂಮು ಕೊಡುತ್ತಿದ್ದಳು. ಬಾಡಿಗೆ ನಮಗೆ ಸರಿಹೋಗುವಂಥದ್ದು. ಆದರೆ ಕೇಳಿದವರು ಬಹಳ ಮಂದಿ, ಆಕೆ ಯಾರನ್ನೂ ಒಪ್ಪಿರಲಿಲ್ಲ.

ವಿಡಿಯೊ ಹಚ್ಚಿದೆವು. ಆಕೆ ತನ್ನ ಮನೆಯ ನಿಯಮ ಹೇಳತೊಡಗಿದಳು. ಚಪ್ಪಲಿ ಹೊರಗೆ ಬಿಡಬೇಕು. ರಾತ್ರಿ ಗದ್ದಲ ಕೂಡದು. ಯಾರಾದರೂ ಬರುವುದಿದ್ದರೆ ಮೊದಲೇ ಹೇಳಬೇಕು. ಆಕೆ ಆಡುತ್ತಿದ್ದುದು ಇಂಗ್ಲಿಷ್. ನನ್ನ ಕಿವಿಗೆ ಕೇಳುತ್ತಿದ್ದುದು ಅಚ್ಚ ಧಾರವಾಡದ ಕನ್ನಡ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಮಾತುಗಳೇ ಎಲ್ಲ! ಹಾಗಾಗಿ ಇಲ್ಲಿಯೂ ಹಾಗೇ ಬರೆಯುತ್ತೇನೆ.

"ಈ ಹುಡುಗಿ ಈಗಿರೂ ಮನಿ ಮಾಲೀಕರ ಜೋಡಿ ನಾ ಮಾತಾಡಬೇಕು," ಎಂದಳಾಕೆ.

ಮೊಮ್ಮಗಳು ನನ್ನನ್ನು ಎಳೆದು ಮುಂದೆ ಕೂರಿಸಿ, "ಆಯಿ, ಛಲೋ ಹೇಳಬೇ," ಎಂದು ಕಿವಿಯಲ್ಲಿ ಅಂದಳು.

ನಾನು ಪೇಚಿಗೆ ಸಿಕ್ಕಿಕೊಂಡೆ. ನಮ್ಮಲ್ಲಿ ಇದ್ದು ಹೋದ ಹುಡುಗಿಗೆ ಬೇರೆಯವರು ರೂಮು ಕೊಡುವ ಮೊದಲು ನನಗೇ ಫೋನ್ ಮಾಡಿ ಕೇಳುತ್ತಾರೆ. ನಾನು ಯಾರಿಗೂ ಇದ್ದದ್ದನ್ನು ಇಲ್ಲವೆಂದಿಲ್ಲ. ಸ್ವಂತ ಮೊಮ್ಮಗಳೆಂದು ಈಗ ಶುರುಮಾಡಲೇ?

"ಹುಡುಗಿ ಹೆಂಗ್ರಿ?"

"ಓದೂದರಾಗ ಶಾಣ್ಯಾ. ಗೀಜರ್ ಆರಸೂದಿಲ್ಲ."

"ಬಚ್ಚಲಾ?"

"ಕೂದಲಾ ಅಲ್ಲೇ ಬಿಡತಾಳ."

"ಹಸಿ ಟವೆಲ್?"

"ಹಾಸಿಗಿ ಮ್ಯಾಲ."

"ಬಾಡಿಗಿ ಹೊತ್ತಿಗೆ ಸರಿಯಾಗಿ ಕೊಡತಾಳ?"

"ಇಲ್ಲೀತನಕ ಒಂದ್ ರೂಪಾಯಿನೂ ಕೊಟ್ಟಿಲ್ರಿ."

ಮೊಮ್ಮಗಳು ಮೇಜಿನ ಕೆಳಗಿಳಿದಳು. ನಮ್ಮವರ ಮುಖದ ಮುಂದಿನ ಪೇಪರ್ ಕೆಳಗಿಳಿಯಿತು.

"ಮತ್ತ ಯಾಕ ಇಟ್ಕೊಂಡೀರಿ?"

"ನನ್ನ ಮಗಳ ಮಗಳ್ರೀ. ಖಾಲಿ ಮಾಡಂದ್ರ ಎಲ್ಲಿಗೆ ಹೋಗಬೇಕು? ಆದ್ರ ಒಂದು ಮಾತು. ಬಕೆಟ್ ಒಡದ್ರ ತಾನ ಬಂದು ಹೇಳತಾಳ. ಮುಚ್ಚಿಡೂದಿಲ್ಲ."

ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಗುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. "ಇಲ್ಲೀತನಕ ಕೇಳಿದವರೆಲ್ಲಾ ಅವರವರ ಮಾಲೀಕರ ಮಾತಿನಾಗ ದೇವರಂಥಾ ಮಂದೀನ ಇದ್ರು ನೋಡ್ರಿ. ದೇವರಿಗೆ ರೂಮ್ ಕೊಟ್ಟು ನನಗ ಸಾಕಾಗೇತಿ. ಈಕಿದು ಏನೇನು ಅಂತ ಮೊದಲ ತಿಳೀತಲ್ಲ, ಕಳಸ್ರಿ," ಎಂದಳು. ಸಂಜೆಯೊಳಗೆ ವಿಳಾಸ ಬಂತು, ಸೀಟು ಉಳಿಯಿತು. ಓಣಿಗೆ ಎರಡನೆಯ ಸಲ ಪೇಢೆ.

ಮೊಮ್ಮಗಳು ಹೋದ ಕೆಲವು ವಾರಕ್ಕೆ ಒಂದು ಮಧ್ಯಾಹ್ನ ಆ ಮನೆಯೊಡತಿಯದೇ ಫೋನ್.

"ಗೀಜರ್," ಎಂದಳು.

"ಕೂದಲಾ," ಎಂದೆ.

"ಟವೆಲ್," ಎಂದಳು.

ಆಮೇಲೆ ಆಕೆ ಬಹಳ ಆಸೆಯಿಂದ ಕೇಳಿದಳು: "ಇಷ್ಟು ವರ್ಷ ನೀವು ಇಟ್ಕೊಂಡಿದ್ರಿ. ಈಕಿಗೆ ಯಾವ ಉಪಾಯ ನಡೀತೈತಿ, ಹೇಳ್ರಿ."

"ಬೈದು ನೋಡಿದೆ. ಗ್ವಾಡಿಗೆ ಚೀಟಿ ಹಚ್ಚಿ ನೋಡಿದೆ. ಗೀಜರಿನ ಫ್ಯೂಜ್ ತಗದು ನೋಡಿದೆ. ಒಂದೂ ನಡೀಲಿಲ್ರಿ," ಎಂದೆ. "ಅದಕ್ಕ ಜರ್ಮನಿಗೆ ಕಳಿಸಿದ್ದು."