ಅತ್ತೆಯ ಪುಸ್ತಕಕ್ಕೆ ಊರೆಲ್ಲ ಸಂಪಾದಕರು

"ಒಂದೇ ಫೋಲ್ಡರ್, ಒಂದೇ ಲಿಂಕ್, ಒಬ್ಬನೇ ಸಂಪಾದಕ!" ಎಂದು ಜೇವರ್ಗಿ ಕಾಲೋನಿಯ ನಮ್ಮ ಮನೆಯ ನಡುವೆ ನಿಂತು ನಾನು ಘೋಷಿಸಿದಾಗ, ಹೆಂಡತಿ ಪಂಚಶೀಲಾ ರೊಟ್ಟಿ ಬಡಿಯುವುದನ್ನು ಕೂಡ ನಿಲ್ಲಿಸಲಿಲ್ಲ.

ವಿಷಯ ಸಣ್ಣದಲ್ಲ. ಕಮಲಾಪುರದ ಅಂಗನವಾಡಿಯಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ, ಅನ್ನ ಎರಡನ್ನೂ ಬಡಿಸಿದ ನನ್ನ ಅತ್ತೆ ಶೇವಂತಾ ನಿವೃತ್ತರಾಗುತ್ತಿದ್ದರು. ಬೀಳ್ಕೊಡುಗೆಯ ದಿನ ಅವರ ಬಗ್ಗೆ ಒಂದು ಪುಟ್ಟ ಪುಸ್ತಕ ತರಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಸಂಪಾದಕನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಕಚೇರಿಯಲ್ಲಿ ಹದಿನೆಂಟು ವರ್ಷ ಟಪಾಲು ನೋಡಿಕೊಂಡವನು ನಾನು. ಯಾವ ಕಾಗದ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೆಲ್ಲ ನನ್ನ ಬೆರಳ ತುದಿಯಲ್ಲಿ!

"ರೀ, ಯಾರು ಏನು ಕಳಿಸ್ಯಾರ ಅಂತ ಒಂದು ನೋಟ್‌ಬುಕ್ಕಿನಾಗ ಬರದಿಟ್ಕೋರಿ," ಎಂದಳು ಪಂಚಶೀಲಾ.

"ಛೇ! ಅದು ನಿಮ್ಮಜ್ಜನ ಕಾಲದ್ದು. ಈಗ ಕಂಪ್ಯೂಟರೇ ಎಲ್ಲಾ ನೆನಪಿಡ್ತದ."

ನಾದಿನಿ ಸಂಘಮಿತ್ರಾ ಮೊಬೈಲಿನ ಡಿಸೈನ್ ಆ್ಯಪಿನಲ್ಲಿ ಮುಖಪುಟ ಮಾಡಿದಳು. ದೇವಿಂದ್ರಪ್ಪ ಕಾಕಾ ಫೋಟೋಗಳ ವಿವರವನ್ನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದರು. ಅತ್ತೆಯ ಜೀವನಚರಿತ್ರೆಯನ್ನು ನಾನು ವರ್ಡ್‌ನಲ್ಲಿ ಬರೆದೆ. ಎಲ್ಲವನ್ನೂ ಒಂದು ಫೋಲ್ಡರಿಗೆ ತುಂಬಿ, ಲಿಂಕನ್ನು ನೆಂಟರ ವಾಟ್ಸ್ಯಾಪ್ ಗುಂಪಿಗೂ ಪ್ರೆಸ್ಸಿಗೂ ಕಳಿಸಿದೆ. ನೋಡಲು ಮಾತ್ರವೋ, ತಿದ್ದಲೂಬಹುದೋ ಎಂದು ಕಂಪ್ಯೂಟರ್ ಕೇಳಿತು. ಕರ್ಣನ ವಂಶದವನಂತೆ ‘ಎಲ್ಲರೂ ತಿದ್ದಬಹುದು’ ಎಂದು ಒತ್ತಿಬಿಟ್ಟೆ!

ವಾರ ಕಳೆದ ಮೇಲೆ ಸ್ಟೇಶನ್ ಬಜಾರದ ಪ್ರೆಸ್ಸಿನಿಂದ ಮೈಬೂಬ ಫೋನು ಮಾಡಿದ. "ಸಾಬ್, ಲಿಂಕಿನಾಗ ಇದ್ದಂಗೇ ಛಾಪಿಸ್ಲೇನ್ರಿ? ಒಮ್ಮೆ ನೋಡಿ ಹೇಳ್ರಿ."

ನನ್ನ ಕಂಪ್ಯೂಟರಿನಲ್ಲಿ ‘ಫೈನಲ್’, ‘ಫೈನಲ್ ೨’, ‘ಇದೇ ಫೈನಲ್’ ಎಂದು ಮೂರು ಪ್ರತಿಗಳಿದ್ದವು. ಕೊನೆಯದನ್ನು ತೆರೆದು, ಒಂದು ಚುಕ್ಕಿಯನ್ನೂ ಬಿಡದೆ ಓದಿ, "ಬಿಲ್ಕುಲ್ ಛಾಪಿಸ್ರಿ!" ಎಂದೆ. ನಾನು ಓದಿದ್ದು ನನ್ನ ಕಂಪ್ಯೂಟರಿನದು. ಅವನು ಅಚ್ಚು ಹಾಕಿದ್ದು ಲಿಂಕಿನಲ್ಲಿದ್ದದ್ದು. ಈ ಎರಡರ ನಡುವೆ ಇಡೀ ಬಂಧುಬಳಗ ಓಡಾಡಿಹೋಗಿತ್ತು!

ಕಾರ್ಯಕ್ರಮದ ದಿನ ಬೆಳಿಗ್ಗೆ ಪುಸ್ತಕದ ಕಟ್ಟು ಬಂತು. ಪಂಚಶೀಲಾ ಒಂದು ಪ್ರತಿ ಎತ್ತಿ, ನಡುವೆ ತೆರೆದು, ಗಟ್ಟಿಯಾಗಿ ಓದಿದಳು:

"‘ಶೇವಂತಾ ಅವರು ಅಂಗನವಾಡಿಗೆ ಸೇರಿದಾಗ ಅಲ್ಲಿದ್ದದ್ದು ಹುಗ್ಗಿ ಯಾರು ಮಾಡೋರು ಒಂದೇ ಕೋಣೆ ನಾ ಮಾಡ್ತೀನಿ ಗೋದಿ ನೀ ಕುಟ್ಟಿಸು ಮತ್ತು ಒಂದು ಹರಕು ಚಾಪೆ.’ ಏನ್ರೀ ಇದು?"

ಲಿಂಕನ್ನು ಹೊಸ ಗುಂಪೆಂದು ತಿಳಿದ ನೆಂಟರು, ಜೀವನಚರಿತ್ರೆಯ ಒಳಗೇ ಕೂತು ಹರಟೆ ಹೊಡೆದಿದ್ದರು! ಅತ್ತೆಯ ಮದುವೆಯ ಪ್ರಸಂಗದಲ್ಲಿ ಅಂಜನಾ ಚಿಗವ್ವ, ‘ನನಗ ಬಸ್ಸಿನಾಗ ಸೀಟ್ ಹಿಡೀರಿ, ಕೆಂಪು ಬಾಳೆಹಣ್ಣು ನಾ ತರ್ತೀನಿ’ ಎಂದಿದ್ದರು. ಕಾಕಾನ ಪಟ್ಟಿಯನ್ನು ಯಾರೋ ಒಂದು ಸಾಲು ಕೆಳಗೆ ಜಾರಿಸಿದ್ದರಿಂದ, ಅಂಗನವಾಡಿಯ ಗ್ಯಾಸ್ ಒಲೆಯ ಫೋಟೋ ಕೆಳಗೆ ‘ನಮ್ಮ ಪ್ರೀತಿಯ ಅಳಿಯ ದಿಲೀಪ’ ಎಂದು ನನ್ನ ಹೆಸರು ಬಿದ್ದಿತ್ತು!

"ಕಂಪ್ಯೂಟರ್ ನೆನಪಿಡ್ತದ ಅಂದ್ರಲ್ಲ? ಯಾರು ತಿದ್ಯಾರ, ತೋರಸ್ರಿ!"

ತೆರೆದು ತೋರಿಸಿದೆ. ಹೆಸರು ಹೇಳದೆ ಒಳಗೆ ಬಂದವರಿಗೆಲ್ಲ ಕಂಪ್ಯೂಟರ್ ತಾನೇ ಪ್ರಾಣಿಗಳ ಹೆಸರಿಟ್ಟಿತ್ತು. ಅನಾಮಿಕ ಒಂಟೆ, ಅನಾಮಿಕ ಮೊಲ, ಅನಾಮಿಕ ಕಾಡುಕೋಣ!

"ಕಾಡುಕೋಣ ಯಾರ್ರೀ?"

"ನಿಮ್ಮ ಕಾಕಾ ಇರಬೇಕು."

"ನಮ್ಮ ಕಾಕಾಗ ಕ್ವಾಣ ಅಂತೀರಿ?" ಎಂದವಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. "ಅವ್ವನ ಮೂವತ್ತೈದು ವರ್ಷದ ದುಡಿಮಿ, ನಿಮ್ಮ ಕೈಯಾಗ ಒಂದು ವಾರ ಉಳೀಲಿಲ್ಲ ನೋಡ್ರಿ." ಅವಳ ಕಣ್ಣು ತುಂಬಿತ್ತು.

ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಕಟ್ಟನ್ನು ಮಂಚದ ಕೆಳಗೆ ತಳ್ಳಿ, ಪುಸ್ತಕ ಇನ್ನೂ ಬಂದಿಲ್ಲವೆಂದು ಸುಳ್ಳು ಹೇಳುವ ಧೈರ್ಯ ಮಾಡಿಕೊಂಡು ಕಮಲಾಪುರದಲ್ಲಿ ಇಳಿದರೆ, ಎಲ್ಲರ ಕೈಯಲ್ಲೂ ಪುಸ್ತಕ! ನಮಗೆ ಅನುಕೂಲವಾಗಲೆಂದು ಮೈಬೂಬ ಅರ್ಧ ಪ್ರತಿಗಳನ್ನು ನೇರ ಅಲ್ಲಿಗೇ ಕಳಿಸಿದ್ದ!

ಅತ್ತೆ ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. ಹುಗ್ಗಿಯ ಸಾಲಿಗೆ ಹೊಟ್ಟೆ ಹಿಡಿದು ನಕ್ಕರು. ಗ್ಯಾಸ್ ಒಲೆ ನೋಡಿ ನನ್ನತ್ತ ಒಮ್ಮೆ ನೋಡಿದರು. ಮುಂದಿನ ಪುಟ ತಿರುವಿದವರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿಬಿಟ್ಟರು. ಅಲ್ಲಿ ಬೇರೆ ಯಾರೋ ಬರೆದಿದ್ದರು:

‘ನಾನು ಜಾಹೇದಾ. ಸಂಘಮಿತ್ರಾ ಲಿಂಕ್ ಕಳಿಸ್ಯಾಳ. ಟೀಚರಮ್ಮ ನನಗ ಎರಡು ತತ್ತಿ ಕೊಡ್ತಿದ್ರು. ಒಂದು ಅಂಗನವಾಡಿದು, ಒಂದು ಅವರ ಮನಿಂದು. ಯಾರಿಗೂ ಹೇಳಬ್ಯಾಡ ಅಂತಿದ್ರು. ಇವತ್ತು ಹೇಳೀನಿ. ಈಗ ನಾನು ನರ್ಸ್ ಆಗೀನಿ.’

ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಪಂಚಶೀಲಾಗೂ!

"ಆ ಕೂಸು ನೆನಪಿಟ್ಟದ ನೋಡು," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಂಚಶೀಲಾ ನನ್ನ ಕಿವಿಯಲ್ಲಿ, "ನೀವು ಶ್ಯಾಣ್ಯಾರಾಗಿದ್ರ ಇದು ಬರ್ತಿದ್ದಿಲ್ಲ ಬಿಡ್ರಿ," ಎಂದಳು. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ದಡ್ಡತನಕ್ಕೆ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ! ಒಂಟೆ, ಮೊಲ, ಕಾಡುಕೋಣಗಳಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಧೈರ್ಯ ಹೆಚ್ಚಾಯಿತು. "ಅತ್ತಿ, ಮೊದಲ ಪುಟದಾಗ ನನ್ನ ಮುನ್ನುಡಿ ಅದ, ಓದಿದ್ರೇನ್ರಿ?" ಎಂದೆ. ಅದೊಂದನ್ನು ಮಾತ್ರ ಕಚೇರಿಯ ಹಳೇ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದೆ. ಪ್ರೆಸ್ಸಿನ ಕಂಪ್ಯೂಟರಿಗೆ ಆ ಫಾಂಟಿನ ಪರಿಚಯವೇ ಇರಲಿಲ್ಲವೆಂದು ತಿಳಿದದ್ದು ಅತ್ತೆ ಆ ಪುಟ ತೆರೆದು ತೋರಿಸಿದಾಗ. ಪುಟದ ತುಂಬ ಕೊಂಬು, ಬಾಲ, ಸೊನ್ನೆಗಳ ಸಂತೆ!

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು.

"ನೋಡಿದೆ ಅಳಿಯಂದ್ರ. ನಿಮ್ಮ ಭಕ್ತಿ ದೊಡ್ಡದು, ಪಾಲಿ ಭಾಷಾದಾಗ ಬರದೀರಿ! ಹುಣ್ಣಿಮಿಗಿ ಬುದ್ಧ ವಿಹಾರಕ್ಕ ಭಂತೇಜಿ ಬರ್ತಾರ, ಅವರ ಕಡಿಂದ ಓದಿಸಿ ಅರ್ಥ ತಿಳ್ಕೋತೀನಿ."