ಅಂಕಿ ನಿಲ್ಲೂತನಕ ತಡೀರಿ

ವ್ಯಾಪಾರದಲ್ಲಿ ಗೆಲ್ಲಬೇಕೆಂದರೆ ನಿಮ್ಮ ಮುಖ ನಿಮ್ಮ ಮಾತು ಕೇಳಬೇಕು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ಬೈಲಹೊಂಗಲದ ದನದ ಸಂತೆಯಲ್ಲಿ ನಿಂತು ಕಲಿತೆ. ಎತ್ತು ಮನಸ್ಸಿಗೆ ಬಂದರೆ ಎತ್ತಿನ ಕಡೆ ನೋಡಬೇಡಿ, ಆಚೆ ಚಹಾ ಮಾರುವವನ ಕಡೆ ನೋಡಿ. ಸೀರೆ ಕೊಳ್ಳಲು ಹೊರಟರೆ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಸೀರೆ ಬಿಚ್ಚಿದ ಕೂಡಲೇ ಅವಳ ಕಣ್ಣು ಅರಳಿದ್ದನ್ನು ಅಂಗಡಿಯವನು ಕಂಡನೆಂದರೆ ನಿಮ್ಮ ಕಥೆ ಅಲ್ಲಿಗೇ ಮುಗಿಯಿತು. ನಮ್ಮ ಹಿರಿಯರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಿದ್ದುದು ಸುಮ್ಮನೆ ಅಲ್ಲ. ಮುಚ್ಚಿಡುವುದೇ ವ್ಯಾಪಾರ. ಇಷ್ಟೆಲ್ಲ ಬಲ್ಲ ನಾನು ಒಂದು ಮಧ್ಯಾಹ್ನ, ಹೂಲಿಯಲ್ಲಿ, ಒಬ್ಬ ಹೆಣ್ಣುಮಗಳ ಮುಂದೆ ಹೊಟ್ಟೆಯೊಳಗಿನದನ್ನೆಲ್ಲ ಕೆಂಪು ದೀಪದಲ್ಲಿ ಬರೆದು ತೋರಿಸಿ ಬಂದೆ. ಆ ಸಂಗತಿ ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ.

ನನ್ನದು ಮೋಟರ್ ವೈಂಡಿಂಗಿನ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು, ಹಳೆಯ ಮೋಟರು ಕೊಂಡು ಮಾರುವುದು, ಯಾರೂ ಕೇಳದಿದ್ದರೂ ಸಲಹೆ ಕೊಡುವುದು, ಇವು ಮೂರೂ ಅಲ್ಲಿ ನಡೆಯುತ್ತವೆ. ಇಪ್ಪತ್ತು ವರ್ಷ ನನ್ನ ಹತ್ತಿರ ಇದ್ದದ್ದು ಮುಳ್ಳಿನ ಮೀಟರು. ಅದರ ವಾಯರುಗಳ ತುದಿಯ ಎರಡು ಲೋಹದ ಕಡ್ಡಿ ಮೋಟರಿಗೆ ಮುಟ್ಟಿಸಿದರೆ ಮುಳ್ಳು ಟಕ್ಕನೆ ಹೊರಳುತ್ತದೆ, ಗಿರಾಕಿಗೆ ಏನೂ ತಿಳಿಯುವುದಿಲ್ಲ. ಆಗ ನಾನು ನಾಲಿಗೆಯಿಂದ "ತ್ಚ್" ಎಂದು ಸಣ್ಣಗೆ ಸದ್ದು ಮಾಡಿ, ಮನೆಯಲ್ಲಿ ಯಾರೋ ಹೋದವರಂತೆ ತಲೆಯಾಡಿಸುತ್ತಿದ್ದೆ. ಆ ಒಂದು "ತ್ಚ್" ಎಷ್ಟು ಮೋಟರುಗಳ ದರ ಇಳಿಸಿತೋ ಲೆಕ್ಕವಿಲ್ಲ.

ತುರ್ತು ಪರಿಸ್ಥಿತಿ ತೆಗೆದ ಮರುವರ್ಷ, ಹಡಗಿನ ಕೆಲಸದಲ್ಲಿರುವ ನನ್ನ ಹೆಂಡತಿಯ ತಮ್ಮ ಸಿಂಗಪುರದಿಂದ ಅಂಕಿಯ ಮೀಟರು ತಂದುಕೊಟ್ಟ. ಮುಳ್ಳಿಲ್ಲ, ಬ್ಯಾಟರಿಯಿಂದ ಕೆಂಪಗೆ ಉರಿಯುವ ಅಂಕಿಗಳು. ಹಳೆಯ ಮೀಟರಿನಲ್ಲಿ ಕರೆಂಟಿಗಿರುವ ತಡೆಯ ಅಳತೆ ಬಿಡಿ ಓಮ್ಸಿನಲ್ಲೋ ಸಾವಿರದಲ್ಲೋ ಲಕ್ಷದಲ್ಲೋ ಎಂದು ಗುಬಟಿ ತಿರುಗಿಸಿ ನಾವೇ ಹೇಳಬೇಕಿತ್ತು. ಇದು ತನ್ನ ರೇಂಜನ್ನು ತಾನೇ ಹುಡುಕಿಕೊಳ್ಳುತ್ತದೆ. ಬುದ್ಧಿವಂತ ಮೀಟರು ಎಂದು ಭಾವಮೈದುನ ಹೇಳಿದ. ಬುದ್ಧಿವಂತಿಕೆ ಇರಬಹುದು, ಅವಸರ ಮಾತ್ರ ಒಂದಿಷ್ಟೂ ಇಲ್ಲ. ಕಡ್ಡಿ ಮುಟ್ಟಿಸಿದರೆ ಮೊದಲು ಸಣ್ಣ ರೇಂಜಿನಲ್ಲಿ ಬಾಗಿಲು ಬಡಿದು ನೋಡುತ್ತದೆ, ಇಲ್ಲವೆಂದರೆ ಸಾವಿರಕ್ಕೆ ಹೋಗುತ್ತದೆ, ಅಲ್ಲಿಂದ ಲಕ್ಷಕ್ಕೆ. ಹೊಸ ಮನೆಗೆ ಹೋದಾಗಲೆಲ್ಲ ಅಂಕಿಗಳ ನಡುವಿನ ಚುಕ್ಕಿ ಜಿಗಿಯುತ್ತದೆ. ಲಕ್ಷಗಳಲ್ಲಂತೂ ಅಂಕಿ ನಿಲ್ಲುವುದರೊಳಗೆ ಎಲೆ ಅಡಿಕೆ ಹಾಕಿಕೊಳ್ಳಬಹುದು. ಅಳತೆ ಎರಡು ರೇಂಜುಗಳ ಗಡಿಯಲ್ಲಿ ಬಿದ್ದರೆ ಮುಗಿದೇಹೋಯಿತು, ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು. ಇದರ ನಿಧಾನವನ್ನು ನಾನು ಬೈಯುತ್ತಿದ್ದಾಗ ಹೆಂಡತಿ ಹೇಳಿದಳು, "ನಿಮ್ಮಂಗ ಐತಿ ಬಿಡ್ರಿ. ನಾಕು ಬದನಿಕಾಯಿ ತರಾಕ ಇಡೀ ಪ್ಯಾಟಿ ತಿರುಗಿ ಮತ್ತ ಮೊದಲನೇ ಬುಟ್ಟಿಗೇ ಬರ್ತೀರಲ್ಲ."

ಇಷ್ಟರಲ್ಲಿ ಸವದತ್ತಿಯ ಹಿಟ್ಟಿನ ಗಿರಣಿಯ ಮಲ್ಲಪ್ಪನ ಮೋಟರು ಸುಟ್ಟಿತು. ತಂತಿ ಸುತ್ತಲು ಬರದಷ್ಟು ಸುಟ್ಟಿತ್ತು. "ನನ್ನ ಹತ್ತಿರ ಐದು ಹಾರ್ಸ್‌ಪವರಿನ ಮೋಟರು ತಯಾರೇ ಇದೆ, ಸೋಮವಾರ ಗಿರಣಿ ತಿರುಗುತ್ತದೆ" ಎಂದೆ. ನಂಬದೆ ನೋಡಿದ. ಎಲ್ಲಮ್ಮನ ಭಂಡಾರದ ಅರಿಸಿನ ಮುಟ್ಟಿ ಆಣೆ ಹಾಕಿದೆ. ಮೋಟರು ನನ್ನ ಹತ್ತಿರ ಇರಲಿಲ್ಲ, ಹೂಲಿಯ ಗಂಗವ್ವನ ಹೊಲದಲ್ಲಿತ್ತು. ಅವಳು ಬಾವಿಗೆ ದೊಡ್ಡ ಮೋಟರು ಕೂಡಿಸಿ ಇದನ್ನು ಮಾರಲಿಕ್ಕಿದ್ದಳೆಂಬುದು ಮಾತ್ರ ನನಗೆ ಗೊತ್ತಿತ್ತು. ಭಂಡಾರ ಮುಟ್ಟಿದ ಮಾತು ತಪ್ಪಿದರೆ ಆ ಊರಿನಲ್ಲಿ ನನ್ನನ್ನು ಯಾರೂ ಒಂದು ಬಲ್ಬು ಬದಲಿಸಲೂ ಕರೆಯುವುದಿಲ್ಲ. ಹೀಗಾಗಿ ಭಾನುವಾರ ಮೀಟರು ಚೀಲದಲ್ಲಿ ಹಾಕಿಕೊಂಡು ಹೂಲಿಯ ಬಸ್ಸು ಹತ್ತಿದೆ. ಕಡ್ಡಿಗಳಿಗೆ ಸಿಕ್ಕಿಸುವ ಕ್ಲಿಪ್ಪುಗಳು ಅಂಗಡಿಯಲ್ಲೇ ಉಳಿದವು. ಇರಲಿ, ಕೈಯಿಂದ ಒತ್ತಿ ಹಿಡಿದರಾಯಿತು ಎಂದುಕೊಂಡೆ.

ಗಂಗವ್ವ ಐವತ್ತು ದಾಟಿದ ಒಕ್ಕಲುತನದ ಹೆಣ್ಣುಮಗಳು. ಗಂಡ ಹೋದ ಮೇಲೆ ಹತ್ತು ಎಕರೆ ಒಬ್ಬಳೇ ನಡೆಸಿದವಳು. ಚುಮ್ಮರಿ, ಚಹಾ ಕೊಟ್ಟು ಎದುರಿಗೇ ಕುಳಿತಳು. ಎಂಟುನೂರು ಹೇಳಿದಳು, ನಾನು ನಾಲ್ಕುನೂರೆಂದೆ. ಒಂದು ಕಡ್ಡಿಯನ್ನು ಮೋಟರಿನ ತಂತಿಯ ತುದಿಗೆ, ಇನ್ನೊಂದನ್ನು ಅದರ ಕಬ್ಬಿಣದ ಮೈಗೆ ಇಟ್ಟು, ಎರಡು ಕೈಯ ಹೆಬ್ಬೆರಳುಗಳಿಂದ ಗಟ್ಟಿಯಾಗಿ ಒತ್ತಿದೆ. ಮೋಟರು ಚೆನ್ನಾಗಿದ್ದರೆ ಅಂಕಿ ಬರಬಾರದು, ಮೀಟರಿನ ದೀಪ ಬರಿದೆ ಮಿಣುಕುತ್ತಿರಬೇಕು. ಆದರೆ ಅಂಕಿ ಬಂತು! ಕರೆಂಟು ಮೈಗೆ ಸೋರುತ್ತಿದೆ ಎಂದು ಒಳಗೊಳಗೇ ಹಿಗ್ಗಿ "ತ್ಚ್" ಎಂದೆ.

"ಏನಾತ್ರಿ ಮಿಸ್ತ್ರಿಯಾರ?"

"ಒಳಗ ಸೋರಾಕತ್ತೈತಿ ಗಂಗವ್ವಾರ. ನೀವದೀರಂತ ನಾಕನೂರು ಅಂದೇನಿ, ಇಲ್ಲಾಂದ್ರ ಗುಜರಿ ಮಾಲು."

"ಹೌದನ್ರಿ? ಯಾರಿಗರ ಕೊಡಾಂವ್ರ ಅದೀರೇನು?"

"ಯಾರಿಗೂ ಇಲ್ರಿ. ನನ್ನ ಅಂಗಡ್ಯಾಗ ಇಂಥಾವು ಮೂರು ಬಿದ್ದಾವು."

ಅಂಕಿಗಳು ಗಡಬಡಿಸಿ ಓಡಿದವು. ಚುಕ್ಕಿ ಒಂದು ಮನೆ ಜಿಗಿಯಿತು, ಮತ್ತೆ ಹಿಂದೆ ಬಂತು. ಗಂಗವ್ವ ಮೋಟರು ಬಿಟ್ಟು ಮೀಟರು ನೋಡತೊಡಗಿದಳು.

"ಅವಸರ ಏನರ ಐತೇನ್ರಿ ನಿಮಗ?"

"ಅವಸರ? ನನಗ? ಮುಂದಿನ ತಿಂಗಳ ಕೊಟ್ರೂ ನಡಿತೈತಿ."

ಚುಕ್ಕಿ ಮತ್ತೆ ಜಿಗಿಯಿತು. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಒಂಚೂರು ಸುಮ್ಮ ಕುಂದರ್ರಿ" ಎಂದಳು. ಸುಮ್ಮನೆ ಕುಳಿತೆ. ಅಂಕಿಗಳು ನಿಂತವು. "ಈಗ ಆ ಎರಡೂ ಕಡ್ಡಿ ಮೋಟರಿಂದ ತಗೀರಿ. ಕೈಯಾಗ ಹಂಗಽ ಹಿಡೀರಿ." ತೆಗೆದೆ. ಮೋಟರು ಒಂದು ಕಡೆ, ಕಡ್ಡಿ ಹಿಡಿದ ನಾನು ಒಂದು ಕಡೆ. ಅಂಕಿ ಮಾತ್ರ ಕುಳಿತಲ್ಲೇ ಕುಳಿತಿತ್ತು!

"ಮೋಟರ್ ಇಲ್ಲದನೂ ಲೆಕ್ಕ ಹೇಳತೈತಲ್ರಿ ಇದು! ಸೋರಾಕತ್ತಿದ್ದು ಮೋಟರೋ ನೀವೋ?"

ಇಪ್ಪತ್ತು ವರ್ಷದ ಅನುಭವವಿರುವ ನಾನು ಬರಿಯ ಬೆರಳಿನಿಂದ ಎರಡೂ ಕಡ್ಡಿಗಳ ಲೋಹ ಒತ್ತಿಹಿಡಿದು ಅಷ್ಟು ಹೊತ್ತು ಅಳೆದದ್ದು ನನ್ನನ್ನೇ! ಸುಳ್ಳು ಹೇಳುವಾಗ ಅಂಗೈ ಬೆವರಿದರೆ ಅಳತೆ ಇಳಿಯುತ್ತದೆ, ಗಡಿ ದಾಟುತ್ತದೆ, ಚುಕ್ಕಿ ಜಿಗಿಯುತ್ತದೆ. ನನ್ನ ಮುಖ ನನ್ನ ಮಾತು ಕೇಳಿತ್ತು, ಅಂಗೈ ಕೇಳಿರಲಿಲ್ಲ. ಕಡ್ಡಿ ಕೆಳಗಿಡಲು ಹೋದೆ. ಗಂಗವ್ವ ಬಿಡಲಿಲ್ಲ. "ಇಡಬ್ಯಾಡ್ರಿ. ಹಿಡಕೊಂಡಽ ಮಾತಾಡ್ರಿ. ಇಲ್ಲಂದ್ರ ಮೋಟರ್ ಒಯ್ಯಾಕ ರಾಮದುರ್ಗದಾಂವ ನಾಳೆ ಬರ್ತೀನಂದಾನ."

ರಾಮದುರ್ಗದವನ ಹೆಸರು ಕೇಳಿ ಎದೆ ಧಸಕ್ಕೆಂದಿತು. ಮೀಟರೂ ಧಸಕ್ಕೆಂದಿತು.

ಆಗ ನನಗೊಂದು ಉಪಾಯ ಹೊಳೆಯಿತು. ಮೀಟರು ಒಂದು ರೇಂಜು ಬಿಟ್ಟು ಇನ್ನೊಂದಕ್ಕೆ ಹೋಗಲು ಎರಡು ಮೂರು ಸೆಕೆಂಡು ಬೇಕಲ್ಲ, ಅದರೊಳಗೆ ಸುಳ್ಳು ಹೇಳಿ ಮುಗಿಸಿಬಿಟ್ಟರೆ? ಹದಿನೈದು ದಿನ ಬೈದ ಆ ನಿಧಾನವೇ ಈಗ ನನ್ನ ಪಾಲಿಗೆ ದೇವರು. ಉಸಿರು ಬಿಗಿಹಿಡಿದು, "ಐನೂರಕ್ಕಿಂತ-ಒಂದು-ಪೈಸೆ-ಮ್ಯಾಲ-ಬರೂದಿಲ್ಲ-ಹೌದಂದ್ರ-ಹೌದನ್ರಿ" ಎಂದು ಒಂದೇ ಗುಕ್ಕಿನಲ್ಲಿ ಉಗುಳಿದೆ.

ಗಂಗವ್ವ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಹಚ್ಚುತ್ತ, "ತಡೀರಿ ಮಿಸ್ತ್ರಿಯಾರ, ಅಂಕಿ ನಿಲ್ಲೂತನಕ ತಡೀರಿ. ಪಾಪ, ಅದರ ವಿಚಾರ ಇನ್ನೂ ಮುಗದಿಲ್ಲ" ಎಂದಳು.

ಚುಕ್ಕಿ ಜಿಗಿಯಿತು. ಎಂಟುನೂರು ಕೊಟ್ಟೆ. ಹೊರಡುವಾಗ ಅವಳು, "ನಮ್ಮ ಅಳ್ಯಾ ದೀಪಾವಳಿಗೆ ಬರ್ತಾನ, ಆ ಮಶೀನು ಒಂದು ದಿನದ ಮಟ್ಟಿಗೆ ಕೊಡ್ರಿ" ಎಂದದ್ದು ಬೇರೆ.

ಸೋಮವಾರ ಸಂಜೆ ಕರೆಂಟು ಬಂದು ಗಿರಣಿ ತಿರುಗಿದ್ದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಸುಮ್ಮನೆ ಚಿಂತೆ ಮಾಡಬೇಡಿ. ಆದರೆ ಮಧ್ಯಾಹ್ನ ನಾನು ಮೋಟರು ಇಳಿಸಿದಾಗ ಸವದತ್ತಿಯಲ್ಲಿ ಕರೆಂಟಿರಲಿಲ್ಲ. ಜೋಳದ ಡಬ್ಬಿಗಳನ್ನು ಮುಂದಿಟ್ಟುಕೊಂಡು ಹೆಂಗಸರು ಸಾಲಾಗಿ ಕುಳಿತಿದ್ದರು. ಈ ಸಲ ಕ್ಲಿಪ್ಪು ಹಾಕಿ, ಕೈ ದೂರವಿಟ್ಟು ಅಳೆದೆ. ಚಿನ್ನದಂಥ ಮೋಟರು, ಅಂಕಿ ಬರದೆ ದೀಪ ಮಿಣುಕಿತು.

ಮಲ್ಲಪ್ಪ ಬಗ್ಗಿ ನೋಡಿದ. "ಅಂಕಿನಽ ಬರವಲ್ದಲ್ರಿ. ಒಳಗ ಏನೂ ಉಳದಿಲ್ಲೇನು? ಒಯ್ರಿ ಇದನ್ನ."

"ಮಲ್ಲಪ್ಪಾರ, ಅಂಕಿ ಬರದಿದ್ರನ ಚೊಲೋ. ಖರೇ ಹೇಳಾಕತ್ತೇನಿ."

"ನೀವು ಯಾವತ್ತು ಖರೇ ಹೇಳೀರಿ?"

ಹೆಂಗಸರು ನಕ್ಕರು. ನನಗೆ ರೋಷ ಬಂತು. ಬದುಕಿನಲ್ಲಿ ಅಪರೂಪಕ್ಕೆ ಒಂದು ನಿಜ ಹೇಳಿದರೆ ಹೀಗೆಯೇ? ಕ್ಲಿಪ್ಪು ಕಿತ್ತೊಗೆದು, ಎರಡೂ ಕಡ್ಡಿಗಳನ್ನು ನಾನೇ ಕೈಯಲ್ಲಿ ಹಿಡಿದು ಎದ್ದುನಿಂತು, "ಈ ಮೋಟರು ಚೊಲೋ ಐತಿ!" ಎಂದು ಕೂಗಿದೆ. ಗಿರಣಿಯ ತಗಡಿನ ಕೆಳಗಿನ ಧಗೆಗೆ ಅಂಗೈ ತೊಯ್ದು ತೊಪ್ಪೆಯಾಗಿತ್ತು. ಅಂಕಿಗಳು ಹುಚ್ಚೆದ್ದು ಓಡಿದವು.

"ಇದೇನ್ರಿ ಹಿಂಗ ಓಡಾಕತ್ತಾವು? ಹಿಂಗಂದ್ರ ಏನಂತ ಅರ್ಥ?" ಎಂದ ಮಲ್ಲಪ್ಪ.

"ನಾ ಹೇಳಿದ್ದು ಖರೇ ಅಂತ ಅರ್ಥ" ಎಂದೆ.

ಚುಕ್ಕಿ ಒಂದೇ ಏಟಿಗೆ ಜಿಗಿಯಿತು. ಆ ಮೀಟರು ಅಷ್ಟು ಬೇಗ ರೇಂಜು ಬದಲಿಸಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.