ನಮ್ಮತ್ತೆಯ ನಾಲ್ಕು ಪ್ರಶ್ನೆಗಳು

ನಮ್ಮ ಸೋದರತ್ತೆಯ ಎದುರಿಗೆ ದಯವಿಟ್ಟು ಯಾರೂ ಕೆಮ್ಮಬೇಡಿ. ಸೀನಿದರೆ ಪರವಾಗಿಲ್ಲ, ಆಕಳಿಸಿದರೆ ಕ್ಷಮಿಸಿಯಾರು, ಕೆಮ್ಮಿದಿರೋ ಮುಗಿಯಿತು! ಒಂಟಿಕೊಪ್ಪಲಿನ ಯಾವುದಾದರೂ ರಸ್ತೆಯಲ್ಲಿ, ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಚ್ಚಿಕೊಂಡ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಎದುರಾದರೆ ಗಂಟಲು ಅದುಮಿಕೊಂಡು ಆಚೆ ಬದಿಗೆ ದಾಟಿಬಿಡಿ. ಇದು ಅನುಭವಸ್ಥನ ಸಲಹೆ. ಸಲಹೆಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಬೇರೆ ಎಲ್ಲಕ್ಕೂ ತೆಗೆದುಕೊಳ್ಳುತ್ತೇನೆ.

ಹೆಗಲ ಮೇಲೆ ಬೆಡ್‌ಶೀಟ್ ಹೊತ್ತು ರಾಜೀವನಗರದ ಬೀದಿಬೀದಿಯಲ್ಲಿ ಮಾರಿ, ಈಗ ಹಿನಕಲ್‌ನಲ್ಲಿ ಪರದೆ, ಹಾಸಿಗೆ, ದಿಂಬುಗಳ ಸ್ವಂತ ಅಂಗಡಿ ಇಟ್ಟವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಇಡೀ ಮೈಸೂರಿನಲ್ಲಿ ಇಬ್ಬರೇ. ಒಬ್ಬರು ನಮ್ಮತ್ತೆ, ಇನ್ನೊಬ್ಬರು ನನ್ನ ಮಗಳ ಡಾಕ್ಟರಮ್ಮ. ಇಬ್ಬರೂ ಒಂದೇ ದಿನ, ಒಂದೇ ಕೋಣೆಯಲ್ಲಿ ಸೋಲಿಸಿದರು ಅನ್ನುವುದು ಇನ್ನೂ ಅವಮಾನ!

ಆದದ್ದು ಇಷ್ಟು. ನನ್ನ ಮಗಳು ಪುಟ್ಟಿಗೆ ಎಂಟು ವರ್ಷ. ಒಂದು ನೆಗಡಿ ಹತ್ತಿತೆಂದರೆ ಕೆಮ್ಮು ವಾರಗಟ್ಟಲೆ ಬಿಡಾರ ಹೂಡುತ್ತಿತ್ತು. ಮಲಗಿದರೆ ಎದೆಯೊಳಗಿಂದ ಸುಂಯ್ ಸುಂಯ್ ಸದ್ದು. ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೊರಟೆವು. ಕಾರಿನ ಬಾಗಿಲು ತೆಗೆದರೆ ಮುಂದಿನ ಸೀಟಿನಲ್ಲಿ ಅತ್ತೆ! ಕರೆದವರು ಯಾರು? ಯಾರೂ ಇಲ್ಲ. ನನ್ನ ಹೆಂಡತಿ ಪುಟ್ಟಿಯನ್ನು ಕರೆದುಕೊಂಡು ಹಿಂದೆ ಕೂತಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಆಸ್ತಮಾ ಎಂದರು. ನಮ್ಮ ಮುಖ ಇಳಿದದ್ದು ಕಂಡು ಸಮಾಧಾನವಾಗಿ ಬಿಡಿಸಿ ಹೇಳಿದರು. ಎಲ್ಲ ಮಕ್ಕಳದೂ ಒಂದೇ ಥರ ಇರುವುದಿಲ್ಲವಂತೆ. ಒಂದು ಮಗುವಿಗೆ ನೆಗಡಿ ಬಂದಾಗ ಮಾತ್ರ ಎದೆ ಕಟ್ಟುತ್ತದೆ, ಇನ್ನೊಂದಕ್ಕೆ ಧೂಳು, ಹೂವಿನ ಪರಾಗ, ಬೆಕ್ಕಿನ ಕೂದಲು ಆಗಿಬರುವುದಿಲ್ಲ. ಕೆಲವರಿಗೆ ಓಡಿದರೆ ಬರುತ್ತದೆ. ಸುಂಯ್ ಎನ್ನದೆ ಬರೀ ಒಣಕೆಮ್ಮಿನ ವೇಷದಲ್ಲಿ ಬರುವುದೂ ಉಂಟು. ಒಂದೇ ಮಗುವಿನಲ್ಲಿ ಎರಡು ಮೂರು ಕಾರಣ ಸೇರಿಕೊಂಡಿರಲೂಬಹುದು.

"ಅಂದ್ರೆ ಸೀರೆಗಳಲ್ಲಿ ಇರೋ ಹಾಗೆ ಅನ್ನಿ!" ಅತ್ತೆ ಖುಷಿಯಿಂದ ಕುರ್ಚಿ ಮುಂದಕ್ಕೆಳೆದುಕೊಂಡರು.

ಡಾಕ್ಟರಮ್ಮ ಬಾಯಿಂದ ಔಷಧಿ ಎಳೆದುಕೊಳ್ಳುವ ಎರಡು ಪಂಪು, ಅಂದರೆ ಇನ್‌ಹೇಲರ್, ಬರೆದರು. ಒಂದು ದಿನಾ ಬೆಳಿಗ್ಗೆ ಸಾಯಂಕಾಲ ತಪ್ಪದೆ, ಇನ್ನೊಂದು ನೀಲಿಯದು, ಉಸಿರು ಬಿಗಿದಾಗ ಮಾತ್ರ. ನನ್ನ ಬಾಯಿ ಸುಮ್ಮನಿದ್ದೀತೇ?

"ಡಾಕ್ಟ್ರೇ, ನೀಲಿದೊಂದೇ ಸಾಕಲ್ವಾ? ಇಲ್ಲಾ, ದಿನಾ ಅನ್ನೋದನ್ನ ವಾರಕ್ಕೆರಡು ಸಲ ಮಾಡ್ಕೊಳ್ಳಿ. ನಿಮ್ಮ ಮಾತೂ ಉಳೀತು, ನಮ್ಮ ಮಾತೂ ಉಳೀತು."

"ಇದೇನು ಪರದೆ ಬಟ್ಟೇನಾ ಸ್ವಾಮಿ, ಅರ್ಧ ಮೀಟರ್ ಕತ್ತರಿಸಿ ಕೊಡೋಕೆ?"

"ಹಂಗ್ ಕೇಳಿ ಡಾಕ್ಟ್ರೇ!" ಅತ್ತೆ ತೊಡೆ ತಟ್ಟಿಕೊಂಡರು. "ಇವನು ತಾಳಿ ಕಟ್ಟೋವಾಗ್ಲೂ ಪುರೋಹಿತರನ್ನ ಕೇಳ್ದೋನು, ಮೂರು ಗಂಟಿನ ಬದಲು ಎರಡು ಸಾಕಾಗಲ್ವಾ ಅಂತ."

ಶುದ್ಧ ಸುಳ್ಳು! ಆದರೆ ಹೆಂಡತಿ ಪಕ್ಕದಲ್ಲಿ ಕೂತು ನಗುತ್ತಿರುವಾಗ ಸಾಕ್ಷಿ ಎಲ್ಲಿಂದ ತರಲಿ?

ಕೊನೆಯಲ್ಲಿ ಡಾಕ್ಟರಮ್ಮ, ಆಸ್ತಮಾ ಹತೋಟಿಯಲ್ಲಿದೆಯೋ ಇಲ್ಲವೋ ತಿಳಿಯಲು ನಾಲ್ಕು ಪ್ರಶ್ನೆ ಹೇಳಿಕೊಟ್ಟರು. ಹಗಲು ಹೊತ್ತು ತೊಂದರೆ ಕೊಡುತ್ತದೆಯೇ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ನೀಲಿ ಪಂಪು ಪದೇ ಪದೇ ಬೇಕಾಗುತ್ತದೆಯೇ? ಆಟ, ಓಟಕ್ಕೆ ಅಡ್ಡಿಯಾಗುತ್ತದೆಯೇ? ಅತ್ತೆ ಈ ನಾಲ್ಕನ್ನೂ ಸ್ತೋತ್ರದ ಹಾಗೆ ಬಾಯಿಪಾಠ ಮಾಡಿಬಿಟ್ಟರು. ಅಂದಿನಿಂದ ಒಂಟಿಕೊಪ್ಪಲಿಗೆ ನೆಮ್ಮದಿ ಇಲ್ಲ!

ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ತಮ್ಮ ಯಜಮಾನರ ಸಿಟ್ಟಿನ ಬಗ್ಗೆ ಗೋಳು ಹೇಳಿಕೊಂಡರಂತೆ. ಬಿಟ್ಟರೇ ಅತ್ತೆ?

"ಸಿಟ್ಟು ಹಗಲು ಹೊತ್ತು ಬರತ್ತಾ?"

"ಬರತ್ತೆ ಕಣ್ರೀ."

"ರಾತ್ರಿ ನಿದ್ದೆಯಿಂದ ಎಬ್ಬಿಸತ್ತಾ?"

"ಒಂದೊಂದ್ಸಲ."

"ಆ ಹೊತ್ತಿಗೆ ಏನ್ ಕೊಡ್ತೀರಿ?"

"ಈರುಳ್ಳಿ ಬಜ್ಜಿ."

"ವಾರಕ್ಕೆ ಎಷ್ಟ್ ಸಲ?"

"ಅಯ್ಯೋ, ದಿನಾ!"

"ಹಂಗಾದ್ರೆ ನಿಮ್ಮೆಜಮಾನ್ರು ಕಂಟ್ರೋಲಲ್ಲಿಲ್ಲ ಕಣಮ್ಮ. ಬಜ್ಜಿ ಆ ಹೊತ್ತಿಗಷ್ಟೇ. ಬೆಳಿಗ್ಗೆ ಸಾಯಂಕಾಲ ಕೊಡೋ ಮದ್ದು ಬೇರೆ ಹುಡುಕ್ಬೇಕು."

ಆ ಯಜಮಾನರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನೇನು ಮಾಡಿದೆ?

ಹೋಗಲಿ, ಅಷ್ಟಕ್ಕೇ ನಿಂತಿತೇ? ಒಂದು ದಿನ ಅಂಗಡಿಗೇ ಬಂದರು. ಗಿರಾಕಿಯೊಬ್ಬಳು ದಪ್ಪನೆಯ ಮಖಮಲ್ ಪರದೆಗೆ ಮನಸೋತು, ನಾನು ಅಳತೆ ಟೇಪು ಕೈಗೆತ್ತಿಕೊಂಡಿದ್ದ ಪವಿತ್ರ ಘಳಿಗೆ. ಅತ್ತೆ ಆಕೆಯ ಪಕ್ಕಕ್ಕೆ ಸರಿದರು.

"ಮನೇಲಿ ಮಕ್ಕಳಿದ್ದಾರೇನಮ್ಮ? ಕೆಮ್ತಾವಾ?"

"ಚಿಕ್ಕವನು ಧೂಳಾದ್ರೆ ಕೆಮ್ತಾನೆ ಅಮ್ಮಾ."

"ಮತ್ತೆ ಇದ್ಯಾಕೆ? ಇದು ಪರದೆ ಅಲ್ಲ, ಧೂಳಿನ ಛತ್ರ! ತೆಳ್ಳಗಿರೋ ಹತ್ತಿ ಬಟ್ಟೆ ತಗೊಂಡು ಆಗಾಗ ಒಗೀತಾ ಇರು. ಮೊದಲು ಮಗೂನ ಡಾಕ್ಟ್ರಿಗೆ ತೋರಿಸ್ಬುಡು."

ಗಿರಾಕಿ ಹೋದ ಮೇಲೆ ನಾನು ಹಲ್ಲು ಕಚ್ಚಿಕೊಂಡು ಹೇಳಿದೆ, "ಅತ್ತೇ, ಇದು ಅಂಗಡಿ. ಆಸ್ಪತ್ರೆ ಅಲ್ಲ."

"ಗೊತ್ತು ಕಣೋ. ಆಸ್ಪತ್ರೇಲಿ ಕೂತ್ಕೊಳಕ್ಕೆ ಕುರ್ಚಿನಾದ್ರೂ ಕೊಡ್ತಾರೆ."

ಕುರ್ಚಿ ತರಿಸಿದೆ. ಆದರೆ ಕೇಳಿ, ನಾನು ವ್ಯಾಪಾರಿ. ಸೋಲನ್ನೂ ನೀಟಾಗಿ ಮಡಚಿ ಶೆಲ್ಫಿನಲ್ಲಿ ಇಡಬಲ್ಲೆ. ಆ ಗಿರಾಕಿ ತನ್ನ ಗೆಳತಿಯರನ್ನೆಲ್ಲ ಕಳಿಸಿದಳು. ಒಗೆಯಲು ಸುಲಭವಾದ ಪರದೆ, ದಿಂಬಿಗೆ ಜಿಪ್ ಹಾಕಿದ ಕವರುಗಳಿಗೇ ಒಂದು ಗೋಡೆ ಮೀಸಲಾಯಿತು. ಅತ್ತೆ ಕಮಿಷನ್ ಕೇಳಲಿಲ್ಲ. ಕೇಳಿದ್ದರೆ ಅರ್ಧಕ್ಕೆ ಇಳಿಸುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಮತ್ತೆ ಡಾಕ್ಟರಲ್ಲಿಗೆ ಹೋದೆವು. ಹೋಗುವಾಗಲೇ ನನ್ನ ಎದೆ ಉಬ್ಬಿತ್ತು. ಕೆಮ್ಮು ಇಳಿದಿತ್ತು, ಪುಟ್ಟಿ ಬೆಳಗಿನವರೆಗೂ ಮಲಗುತ್ತಿದ್ದಳು, ನೀಲಿ ಪಂಪು ಡಬ್ಬಿಯಲ್ಲೇ ಕೂತಿತ್ತು. ಈ ಸಲ ಔಷಧಿ ಇಳಿಸಿಕೊಂಡೇ ಬರುವುದು ಎಂದು ತೀರ್ಮಾನಿಸಿದ್ದೆ. ಮೊದಲ ಮೂರು ಪ್ರಶ್ನೆಗೂ ಪಟಪಟನೆ ಉತ್ತರ ಕೊಟ್ಟೆ.

"ಆಟಕ್ಕೇನೂ ತೊಂದರೆ ಇಲ್ವಲ್ಲ?" ಡಾಕ್ಟರಮ್ಮ ಬರೆಯುತ್ತಲೇ ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ದಿನಾ ಸಾಯಂಕಾಲ ಬೀದೀಲೇ ಇರ್ತಾಳೆ."

"ಬೀದೀಲಿ ಇರ್ತಾಳೆ, ಸರಿ," ಅತ್ತೆ ಬಾಯಿ ಹಾಕಿದರು. "ಏನಾಡ್ತಾಳೆ ಹೇಳು ನೋಡೋಣ?"

"ಲಗೋರಿ, ಜೂಟಾಟ... ಎಲ್ಲಾ."

"ಅಂಪೈರು ಕಣೋ! ನಿನ್ನ ಮಗಳು ಯಾವಾಗ್ಲೂ ಅಂಪೈರು! ನಿಮ್ಮ ಬೀದಿ ಮೋರಿ ಕಟ್ಟೆ ಮೇಲೆ ವಾರವೆಲ್ಲಾ ಕೂತು ನೋಡಿದೀನಿ. ಒಂದಿನಾನೂ ಓಡ್ಲಿಲ್ಲ ಅವಳು."

ಅದು ನನಗೂ ಗೊತ್ತಿತ್ತು! ಗೊತ್ತಿದ್ದು ಹೆಮ್ಮೆ ಪಟ್ಟಿದ್ದೆ. ವ್ಯಾಪಾರಿಯ ಮಗಳು, ಕೂತಲ್ಲೇ ಬೀದಿಯನ್ನು ಆಳುತ್ತಾಳೆ ಎಂದು ಗಿರಾಕಿಗಳ ಹತ್ತಿರ ಕೊಚ್ಚಿಕೊಂಡೂ ಇದ್ದೆ.

ಅತ್ತೆ ಪುಟ್ಟಿಯ ಗಲ್ಲ ಹಿಡಿದರು. "ಯಾಕ್ ಮರಿ ಅಂಪೈರಾಗ್ತೀಯಾ?"

ಪುಟ್ಟಿ ಚಪ್ಪಲಿ ನೋಡಿಕೊಂಡು ಹೇಳಿದಳು. "ಓಡಿದ್ರೆ ಎದೆ ಬಿಗಿಯತ್ತಜ್ಜಿ. ಅಂಪೈರಾದ್ರೆ ಓಡಂಗಿಲ್ಲ."

"ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಅಪ್ಪ ಎಲ್ರಿಗೂ ನಂಗೆ ವಾಸಿಯಾಯ್ತು ಅಂತಿದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ಆಸ್ತಮಾ ಹತೋಟಿಗೆ ಬಂದಿಲ್ಲ. ನಿಮ್ಮ ಮಗಳೇ ಅದರ ಹತೋಟಿಯಲ್ಲಿದ್ದಾಳೆ," ಎಂದರು. ನನ್ನ ಬಾಯಲ್ಲಿದ್ದ ಚೌಕಾಸಿಯೆಲ್ಲ ಒಣಗಿಹೋಯಿತು.

ಆಮೇಲೆ ಅವರು ಪುಟ್ಟಿಯ ಕೈಗೆ ಪಂಪು ಕೊಟ್ಟು, ಎಳೆದುಕೊಂಡು ತೋರಿಸು ಎಂದರು. ಅವಳು ಮೊದಲು ಗಟ್ಟಿಯಾಗಿ ಉಸಿರೆಳೆದು, ಆಮೇಲೆ ಒತ್ತಿದಳು. ಔಷಧಿ ಬಹುಪಾಲು ನಾಲಿಗೆಯ ಮೇಲೇ! ಎದೆಗೆ ತಲುಪಿದ್ದು ಎಷ್ಟೋ. ಮೊದಲ ಸಲ ಕಲಿಸಿಕೊಟ್ಟದ್ದು ಅವಸರದಲ್ಲಿ ಮರೆತಿತ್ತು. ಈಗ ಪಂಪಿಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಒತ್ತಿ, ಬಾಯಿಂದ ನಿಧಾನವಾಗಿ ಎಳೆದು, ತುಸು ಹೊತ್ತು ಹಿಡಿದಿಟ್ಟುಕೊಳ್ಳುವುದನ್ನು ಮತ್ತೆ ಕಲಿಸಿದರು. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ನನ್ನ ಮಾತು ಕೇಳಿ: ಪ್ರತಿ ಸಲ ಹೋದಾಗಲೂ ಪಂಪು ತೆಗೆದುಕೊಂಡು ಹೋಗಿ, ಡಾಕ್ಟರ ಎದುರಿಗೇ ಎಳೆಸಿ ತೋರಿಸಿ. ಮಗು ಆಡುತ್ತಿದೆಯೇ ಎಂದಷ್ಟೇ ಅಲ್ಲ, ಏನು ಆಡುವುದನ್ನು ಬಿಟ್ಟಿದೆ ಎಂದೂ ನೋಡಿ.

ಮಾರನೆಯ ದಿನದಿಂದ ಅತ್ತೆ ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ನಮ್ಮ ಮನೆಗೆ ಹಾಜರು. "ಬಿಸಿ ಕಾಫಿ ಹೀರೋ ಹಾಗೆ ಸೊರ್ ಅನ್ಬೇಡ್ವೇ! ಮೆತ್ತಗೆ... ಮೆತ್ತಗೆ... ಹಾಂ, ಈಗ ಬಾಯ್ಮುಚ್ಚು!" ಅವರ ಜೊತೆ ನಾವೆಲ್ಲ ಉಸಿರು ಹಿಡಿಯುತ್ತಿದ್ದೆವು. ಒಂದು ದಿನ ನಾನು ಬಿಡುವುದನ್ನೇ ಮರೆತು ಕೆಮ್ಮಿಬಿಟ್ಟೆ. ನಾಲ್ಕು ಪ್ರಶ್ನೆ ಮುಗಿಯುವ ತನಕ ತಿಂಡಿ ಸಿಗಲಿಲ್ಲ.

ಹೀಗೇ ತಿಂಗಳೆರಡು ಕಳೆದವು. ಮೊನ್ನೆ ಭಾನುವಾರ ಸಂಜೆ ಬೀದಿಯಲ್ಲಿ ಗಲಾಟೆ. ಇಣುಕಿದರೆ ಅಂಪೈರ್ ಜಾಗದಲ್ಲಿ, ಮೋರಿ ಕಟ್ಟೆಯ ಮೇಲೆ, ಕೊಡೆ ಹಿಡಿದು ಕೂತ ಅತ್ತೆ, ಮಕ್ಕಳೆಲ್ಲ ಮೋಸ ಮೋಸ ಎಂದು ಕಿರುಚುತ್ತಿದ್ದಾರೆ. ಪುಟ್ಟಿ ಎಲ್ಲಿ? ಬೀದಿಯ ಆ ತುದಿಯಿಂದ ಎರಡು ಜಡೆ ಹಾರಿಸಿಕೊಂಡು ಓಡಿ ಬರುತ್ತಿದ್ದಾಳೆ! ಬಂದವಳೇ ಅತ್ತೆಯ ಮಡಿಲಿಗೆ ಬಿದ್ದಳು. ಮುಖ ಕೆಂಪು, ಭುಜ ಮೇಲೆ ಕೆಳಗೆ, ಏದುಸಿರು. ನೀಲಿ ಪಂಪು ಹಿಡಿದು ಬರಿಗಾಲಲ್ಲಿ ಓಡಿದೆ.

ಅತ್ತೆ ಕೈ ಅಡ್ಡ ಹಿಡಿದರು. ಪುಟ್ಟಿಯ ಬೆನ್ನಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು.

"ಸುಂಯ್ ಇಲ್ಲ," ಎಂದರು. "ಬರೀ ಸುಸ್ತು ಕಣೋ ಇದು. ಓಡಿದ ಮಕ್ಕಳಿಗೆಲ್ಲಾ ಬರೋ ಸುಸ್ತು."

ನಾನು ಪಂಪನ್ನು ಜೇಬಿಗಿಟ್ಟು ಮೋರಿ ಕಟ್ಟೆಯ ಮೇಲೆ ಅವರ ಪಕ್ಕ ಕೂತೆ. ಅತ್ತೆ ಇನ್ನೂ ಆ ಬೆನ್ನಿನಿಂದ ಕಿವಿ ತೆಗೆದಿರಲಿಲ್ಲ.

"ನಂಗೆ ಇಂಥ ಸುಸ್ತು ಬಂದೇ ಇಲ್ಲ," ಎಂದರು, ನನಗೋ, ತಮಗೋ. "ಚಿಕ್ಕಂದಿನಲ್ಲಿ ಉಬ್ಬಸ. ಕೂರು ಅಂದಲ್ಲಿ ಕೂತಿರ್ತಿದ್ದೆ. ಬೆಳೀತಾ ಬೆಳೀತಾ ಅದು ಹೋಯ್ತು. ಅಷ್ಟೊತ್ತಿಗೆ ಓಡೋ ವಯಸ್ಸೂ ಹೋಗಿತ್ತು."

ಇಷ್ಟು ವರ್ಷದಲ್ಲಿ ನಮಗ್ಯಾರಿಗೂ ಹೇಳಿರಲಿಲ್ಲ ಅವರು. ನಾವ್ಯಾರೂ ಕೇಳಿರಲೂ ಇಲ್ಲ.

ಅತ್ತೆ ಪುಟ್ಟಿಯ ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿ, ಗುಟ್ಟು ಕೇಳುವವರ ಹಾಗೆ ಬಗ್ಗಿದರು.

"ಹೆಂಗಿರತ್ತೆ ಮರಿ, ಸುಸ್ತು?"

ಪುಟ್ಟಿ ಉಸಿರು ತಿರುಗಿಸಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು.

"ಸಖತ್ತಾಗಿರತ್ತಜ್ಜಿ," ಎಂದು ಮಡಿಲಿಂದೆದ್ದು ಮತ್ತೆ ಓಡಿದಳು.